ಪರೀಕ್ಷೆಗಿಲ್ಲದ ಎಡಗಣ್ಣು

ನನ್ನ ಬಲಗಣ್ಣಿನ ಬಗ್ಗೆ ನನಗೆ ಸ್ವಲ್ಪ ಜಂಬವಿದೆ, ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಏಟು ಬಿದ್ದು ಅದರಲ್ಲಿ ಹೂ ಬಿದ್ದಿದೆ. ಅಂದರೆ ಕರಿಗುಡ್ಡೆಯ ಮೇಲೊಂದು ಬಿಳಿ ಕಲೆ; ಆ ಕಣ್ಣು ಕಾಣುವುದಿಲ್ಲ. ನಾನು ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಈ ಕಣ್ಣಿಗೆ ಕೆಲಸವಿದೆ. ಪ್ರತಿವರ್ಷ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ಕರೆ ಬರುತ್ತದೆ, ನ್ಯಾಮತಿಯಲ್ಲಿ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಬೆಂಚಿನ ಮೇಲೆ 'ಕೇಸ್' ಆಗಿ, ಅಂದರೆ ಅವರು ಪರೀಕ್ಷಿಸಿ ನೋಡುವ ರೋಗಿಯಾಗಿ, ಕೂರುತ್ತೇನೆ. ರೋಗದ ಹೆಸರು ನಾವು ಬಾಯಿಬಿಡಬಾರದು. "ಅಜ್ಜಾರೆ, ಏನಾಗೈತೆ ಅಂತ ಒಂದ್ ಮಾತು ಹೇಳ್ರಿ, ಟೀ ಕುಡಿಸ್ತೀನಿ" ಎಂದು ಹುಡುಗರು ಪಿಸುಗುಟ್ಟುತ್ತಾರೆ. "ನೀನೇ ನೋಡಿ ಹೇಳಪ್ಪ" ಎನ್ನುತ್ತೇನೆ. ಅಷ್ಟೂ ಡಾಕ್ಟರುಗಳನ್ನು ತಯಾರು ಮಾಡಿದ್ದು ಪ್ರೊಫೆಸರಲ್ಲ, ನಾನು!

ಮನೆಯಲ್ಲಿ ಇದನ್ನು ಒಪ್ಪುವವರಿಲ್ಲ. "ಆ ಮಕ್ಕಳಿಗೆ ಕಣ್ಣು ತೋರ್ಸೋದಿರ್ಲಿ, ನೀವು ಕಣ್ಬಿಟ್ಕಂಡು ನಡೀರಿ" ಎನ್ನುತ್ತಾಳೆ ಹೆಂಡತಿ. ಬಸ್‌ಸ್ಟ್ಯಾಂಡಿನಲ್ಲಿ ಎಡಗಡೆ ನಿಲ್ಲಿಸಿದ ಬೈಕುಗಳಿಗೆಲ್ಲ ಈಚೆಗೆ ನನ್ನ ಮೊಣಕಾಲು ತಗುಲುತ್ತಿತ್ತು. ತಪ್ಪು ಬೈಕಿನವರದೇ ಎಂದು ಜಗಳವಾಡಿ ಬಂದಿದ್ದೇನೆ.

ಈ ಸಲ ಜಗಳೂರಿನ ಹುಡುಗಿಯೊಬ್ಬಳು ಬಂದಳು. ಬಲಗಣ್ಣಿನ ಹೂವನ್ನು ಕ್ಷಣದಲ್ಲಿ ಗುರುತಿಸಿ ಎಡಗಣ್ಣಿಗೂ ಟಾರ್ಚು ಹಿಡಿದಳು.

"ಅದು ಪರೀಕ್ಷೆಗಿಲ್ಲಮ್ಮ, ಚೆನ್ನಾಗಿರೋ ಕಣ್ಣು" ಎಂದೆ.

"ಅದೂ ನಿಮ್ಮ ಕಣ್ಣೇ ಅಲ್ವೇನ್ರಿ ಅಜ್ಜಾರೆ?"

ಉಪಕರಣ ಹಿಡಿದು ಒಳಗೆಲ್ಲ ಇಣುಕಿದಳು. ಆಮೇಲೆ ಪರೀಕ್ಷಕರಿಗೆ, ಎಡಗಣ್ಣಿನ ನರ ಸವೆದಿದೆ, ಗ್ಲಾಕೋಮಾ ಇರಬೇಕು, ಹಾಗೇ ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದಳು. ನನಗೆ ಕಾಣಲು ಇದ್ದದ್ದೇ ಅದೊಂದು ಕಣ್ಣು.

ಪರೀಕ್ಷಕರು ಗದರಿದರು: "ಕೇಳಿದ್ದು ಬಲಗಣ್ಣು. ಕೇಳಿದ್ದಕ್ಕಷ್ಟೇ ಉತ್ತರ ಹೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷಕರ ಮಾತಿನ ನಡುವೆ ಕೇಸ್ ಬಾಯಿ ಹಾಕಬಾರದೆಂಬ ನಿಯಮವನ್ನು ಗಾಳಿಗೆ ತೂರಿದೆ. "ಸ್ವಾಮಿ, ಹೋಗೋದು ನನ್ನ ಕಣ್ಣು! ಈ ಮಗೀಗೆ ಪೂರ್ತಿ ಅಂಕ ಕೊಡೋವರ್ಗೂ ನಾನು ಈ ಬೆಂಚು ಬಿಟ್ಟು ಏಳಂಗಿಲ್ಲ" ಎಂದು ಬೆಂಚಿನ ಅಂಚು ಹಿಡಿದು ಕೂತೆ. ಅವರು ತಾವೇ ಬಗ್ಗಿ ನನ್ನ ಎಡಗಣ್ಣು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಪೂರ್ತಿ ಅಂಕ ಬರೆದರು.

ಈಗ ದಿನಾ ಎಡಗಣ್ಣಿಗೆ ಹನಿ ಹಾಕಿಕೊಳ್ಳುತ್ತೇನೆ. ಆಗೆಲ್ಲ ಕತ್ತಲಗೆರೆಯ ಶಾಲೆಯಲ್ಲಿ ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ನೆನಪಾಗುತ್ತಾಳೆ. ಕೇಳಿದ ಲೆಕ್ಕ ಬಿಡಿಸಿ, ಅದರ ಪಕ್ಕದಲ್ಲಿ ನಾನು ಮಾಡಿದ್ದ ತಪ್ಪನ್ನೂ ಬೋರ್ಡಿನ ಮೇಲೆ ತೋರಿಸಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಹೇಳು ಎಂದು ಗದರಿ ಅವಳನ್ನು ಪಾಠ ಮುಗಿಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದ್ದೆ.