ಜೀವಕೋಶಕ್ಕೊಂದು ಆಕಾರ

ಕುಮಟಾದ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಉಪನ್ಯಾಸಕ. ಜೀವಕೋಶ ತನ್ನ ಆಕಾರ ಹೇಗೆ ಕಾಪಾಡಿಕೊಳ್ಳುತ್ತದೆ ಎಂಬ ಪಾಠ ಬಂದಾಗಲೆಲ್ಲ ನನ್ನ ಮರ್ಯಾದೆಯ ಆಕಾರ ಕೆಡುತ್ತದೆ.

ಜೇಡರ ಬಲೆ

ಭಟ್ಕಳದ ವಿಜ್ಞಾನ ಪ್ರದರ್ಶನಕ್ಕೆಂದು ತೆಳು ಬಟ್ಟೆಯ ದೊಡ್ಡ ಜೀವಕೋಶ ಮಾಡಿದ್ದೆವು. ಆಕಾರ ನಿಲ್ಲಲೆಂದು ಒಳಗೆ ಬಿದಿರ ಕಡ್ಡಿ, ನೂರಾರು ನೂಲಿನೆಳೆ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಕೋಶ ನೀರುದೋಸೆಯಂತೆ ಮೇಜಿನ ಮೇಲೆ ಮಲಗಿದೆ.

ಕಸ ಗುಡಿಸುವ ಅಕ್ಕ ಹೇಳಿದಳು, "ಒಳಗೆಲ್ಲ ಜೇಡರ ಬಲೆ ಇತ್ತು ಸರ್. ಚೊಕ್ಕ ಮಾಡಿದೆ."

ಬೇರೆ ದಾರಿಯಿಲ್ಲದೆ ಅದನ್ನೇ ಒಯ್ದು, "ಒಳಗಿನ ಎಳೆಗಳು ನಾಶವಾದ ಜೀವಕೋಶ" ಎಂದು ಚೀಟಿ ಅಂಟಿಸಿದೆ. ತೀರ್ಪುಗಾರರು ಬೆರಗಾಗಿ ಎರಡನೇ ಬಹುಮಾನ ಕೊಟ್ಟರು. ಮೊದಲನೆಯದು ಅಡುಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿಗೆ. ಅದಕ್ಕೆ ಪ್ರತಿವರ್ಷವೂ ಹಾಗೇ.

ತದಡಿಯ ಪಾಲಕರು

ಪಾಲಕರ ಸಭೆಗೆ ತದಡಿಯಿಂದ ಮೀನುಗಾರರೊಬ್ಬರು ಬಂದರು. "ನಮ್ಮ ಹುಡುಗಿ ಫೇಲಾದ ಪಾಠ ಎಂತದು ಮಾಸ್ತರ್ರೆ?"

ಕೋಶದೊಳಗೆ ಸಣ್ಣ ಎಳೆಗಳು ಒಳಕ್ಕೆ ಎಳೆಯುತ್ತವೆ, ದಪ್ಪ ಕೊಳವೆಗಳು ಕುಸಿಯದಂತೆ ತಡೆಯುತ್ತವೆ ಎಂದೆ.

"ದೋಣಿ ಮೇಲೆ ತಾಡಪತ್ರಿ ಕಟ್ಟಿದ ಹಾಂಗೆ. ಹಗ್ಗ ಎಳಿತದೆ, ಗಳ ತಡಿತದೆ."

"ಹೌದು, ಅದೇ."

"ನಂಗೆ ಎರಡು ನಿಮಿಷಕ್ಕೆ ತಿಳೀತು. ಅವಳಿಗೆ ಒಂದು ತಿಂಗಳು ಎಂತ ಕಲಿಸಿದ್ರಿ?"

ಅವರ ಸಹಿ ಪಡೆದೆ. ಅಭಿಪ್ರಾಯದ ಜಾಗ ಖಾಲಿ ಬಿಡಲು ವಿನಂತಿಸಿದೆ.

ಉದಾಹರಣೆ ಸಹಿತ ವಿವರಿಸಿ

ಹೊರಗಿನ ಸಂಕೇತಕ್ಕೆ ಜೀವಕೋಶ ಆಕಾರ ಬದಲಿಸುವುದು ಹೇಗೆ ಎಂದು ಪರೀಕ್ಷೆಯಲ್ಲಿ ಕೇಳಿದ್ದೆ. ಒಬ್ಬಳು ಬರೆದಳು:

"ಸಂಕೇತ ಮೊದಲು ಹೊರಪೊರೆಗೆ ಮುಟ್ಟುತ್ತದೆ. ಸುದ್ದಿ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಒಳಗಿನ ಎಳೆಗಳು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತವೆ. ಕೋಶ ಆ ಕಡೆ ಬಾಗುತ್ತದೆ. ಉದಾಹರಣೆ: ಮೇಲಧಿಕಾರಿಗಳ ಕಾರು ಹೊನ್ನಾವರ ದಾಟಿತು ಎಂದು ಫೋನ್ ಬಂದಾಗ ನಮ್ಮ ಪ್ರಿನ್ಸಿಪಾಲರು."

ನಕ್ಕು ನಕ್ಕು ಐದಕ್ಕೆ ಐದು ಕೊಟ್ಟೆ. ಆ ಸಲವೇ ಪ್ರಿನ್ಸಿಪಾಲರಿಗೆ ಉತ್ತರಪತ್ರಿಕೆ ಪರಿಶೀಲಿಸುವ ಉತ್ಸಾಹ ಬಂತು. ಕಟ್ಟಿನಿಂದ ಒಂದನ್ನು ಎಳೆದರು. ಅದೇ ಬಂತು. ನಿಧಾನ ಓದಿ, ಕನ್ನಡಕ ತೆಗೆದಿಟ್ಟರು.

"ಪೂರ್ತಿ ಅಂಕ ಕೊಟ್ಟಿದ್ದೀರಿ."

"ವಿವರಣೆ ಸರಿ ಇತ್ತು ಸರ್. ಅಂಕ ಅದಕ್ಕೆ," ಎಂದೆ, ಕುರ್ಚಿಯಲ್ಲೇ ಅವರ ಕಡೆ ಬಾಗಿ.

"ಹಾಗೋ. ಐದರಲ್ಲಿ ವಿವರಣೆಗೆ ಎಷ್ಟು?"

"ಮೂರು ಸರ್."