ಹನ್ನೆರಡು ವೋಲ್ಟಿನ ಮಾತೃವಾತ್ಸಲ್ಯ

ನನ್ನ ಮಗಳು ನಿಖಿತಾಗೆ ಕನ್ನಡ ಬರುವುದಿಲ್ಲ ಎಂದು ಯಾರಾದರೂ ಅಂದರೆ ಈಗ ನಗುತ್ತೇನೆ. ಮೊದಲೆಲ್ಲ ಅಳು ಬರುತ್ತಿತ್ತು.

ನಾವು ಮೈಸೂರಿನವರು, ಸದ್ಯಕ್ಕೆ, ಅಂದರೆ ಮದುವೆಯಾದಾಗಿನಿಂದ, ತಮಿಳು ಸೀಮೆಯ ಪೆರಂಬೂರಿನವರು. ನಮ್ಮ ಯಜಮಾನರು ತಿರುಮಲೇಶ ರೈಲು ಡಬ್ಬಿ ಕಾರ್ಖಾನೆಯಲ್ಲಿದ್ದಾರೆ. ನಾನು ವಿಮಾ ಕಚೇರಿಯಲ್ಲಿದ್ದೇನೆ. (ಹೊರಗಿನ ಅಪಾಯಗಳಿಗೆ ವಿಮೆ ಮಾಡಿಸುತ್ತೇನೆ, ಮನೆಯೊಳಗಿನ ಅಪಾಯ ನಾನೇ.) ಮಗಳು ಹುಟ್ಟಿದ್ದು, ಓದಿದ್ದು, ಜಗಳವಾಡಿದ್ದು ಎಲ್ಲ ಇಲ್ಲೇ. ನಾನು ಕನ್ನಡದಲ್ಲಿ ‘ಊಟಕ್ಕೆ ಬರ್ತೀಯಾ’ ಅಂದರೆ ಅವಳು ತಮಿಳಿನಲ್ಲಿ ‘ಅಪ್ಪರಂ’ ಅನ್ನುತ್ತಾಳೆ, ಆಮೇಲೆ ಅಂತ. ಅವಳ ಕನ್ನಡವೂ ಹಾಗೇ, ಸದಾ ಆಮೇಲೆ. ಕನ್ನಡ ಮಾತಾಡಿದ್ದಕ್ಕೆ ನನ್ನನ್ನು ಕಾನ್ವೆಂಟಿನ ಸಿಸ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮಾತಾಡದ್ದಕ್ಕೆ ಮಗಳನ್ನು ನಿಲ್ಲಿಸೋಣವೆಂದರೆ ಮನೆಯಲ್ಲಿರುವುದು ಸೋಫಾ.

ಇದೆಲ್ಲ ತಡೆದುಕೊಳ್ಳಬಹುದಿತ್ತು, ಯಜಮಾನರ ಚಿಕ್ಕಮ್ಮ ಚಂದ್ರಮತಿಯವರು ಇಲ್ಲದಿದ್ದರೆ. ಕಳೆದ ಸಲ ಅವರು ಬಂದಿದ್ದಾಗ ನಿಖಿತಾ ಇಡೀ ವಾರ ಅವರ ಮುಂದೆ ತಲೆಯಾಡಿಸಿದ್ದಷ್ಟೇ. ಚಿಕ್ಕಮ್ಮ ಮೈಸೂರಿಗೆ ಹಿಂದಿರುಗಿ, ಮಗು ಲಕ್ಷಣವಾಗಿದೆ, ಪಾಪ, ಮಾತೊಂದು ಬಂದಿದ್ದರೆ, ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರು. ಈಗ ಮತ್ತೆ ಬರುವವರಿದ್ದರು. ಈ ಸಲ ಮೊಮ್ಮಗಳು ಕನ್ನಡದಲ್ಲಿ ಮಾತಾಡಿಯೇ ಆಡುತ್ತಾಳೆ ಎಂದು ನಾನು ಫೋನಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿದ್ದೆ.

ಪ್ರತಿಜ್ಞೆಗೆ ಬೆಂಬಲ ಲಂಚ. ನಿಖಿತಾ ಅನಿಮೇಶನ್ ಓದುವ ಹುಡುಗಿ. ಅವಳ ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಪಕ್ಕ ಗಾಜಿದೆ. ಒಳಗೆ ನೋಡಿದರೆ ಮೀನಿಲ್ಲದ ಅಕ್ವೇರಿಯಂ. ಅದಕ್ಕೆ ಬಣ್ಣಬಣ್ಣವಾಗಿ ಬೆಳಗುವ ಫ್ಯಾನುಗಳು ಬೇಕೆಂದು ಬಹಳ ದಿನದ ಆಸೆ. ನಾನು ಕರಾರು ಮುಂದಿಟ್ಟೆ. “ಡೀಲ್ ಮಾ, ನೀ ವಾಂಗಿ ಕುಡು, ನಾ ಪೇಸರೇನ್” ಅಂದಳು. ನೀನು ಕೊಡಿಸು, ನಾನು ಮಾತಾಡುತ್ತೇನೆ. (ಕನ್ನಡ ಮಾತಾಡುವ ಒಪ್ಪಂದಕ್ಕೂ ತಮಿಳಿನಲ್ಲೇ ಸಹಿ.) ಎಲೆಕ್ಟ್ರಾನಿಕ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋಗಿ ಮೂರು ಫ್ಯಾನು ತಂದೆವು.

ಫ್ಯಾನಿಗೆ ಎರಡೆರಡು ವೈರು. ಒಂದು ತಿರುಗಲು, ಒಂದು ಬೆಳಗಲು. ನಿಖಿತಾ ಮೂರನ್ನೂ ಪೆಟ್ಟಿಗೆಗೆ ಬಿಗಿದು ತಿರುಗುವ ವೈರುಗಳನ್ನು ಸಿಕ್ಕಿಸಿದಳು. ಬೆಳಗುವ ವೈರುಗಳನ್ನು ಒಂದಕ್ಕೊಂದು ಜಡೆ ಹಾಕಿ, ಕೊನೆಯ ತುದಿಯನ್ನು ಸಂಜೆ ಬಂದು ಸಿಕ್ಕಿಸುತ್ತೇನೆಂದು ಕಾಲೇಜಿಗೆ ಹೊರಟಳು. ‘ತೊಡಾದೇ ಮಾ’, ಮುಟ್ಟಬೇಡಮ್ಮಾ, ಎಂದು ಬಾಗಿಲ ತನಕ ಹೇಳುತ್ತಲೇ ಹೋದಳು.

ಆ ದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಯಜಮಾನರು ಕುಕ್ಕರಿಗೆ ನೀರು ಹಾಕದೆ ಒಲೆ ಹಚ್ಚಿ ಬೇಳೆ ಸೀಯಿಸಿದ್ದರು. ನಾನು ಮಾಮೂಲಿನಂತೆ, “ರೀ, ನಿಮ್ಮನ್ನ ಯಾರು ಮುಟ್ಟು ಅಂದೋರು? ದೇವರು ಕಣ್ಣು ಯಾತಕ್ಕೆ ಕೊಟ್ಟಿದ್ದಾನೆ? ನಿಮ್ಮ ಮನೆ ಕಡೆಯೋರೆಲ್ಲಾ ಹೀಗೇನಾ?” ಎಂಬ ಸುಪ್ರಭಾತವನ್ನು ಹಾಡಿ ಮುಗಿಸಿದೆ. ಅವರು ಎಂದಿನಂತೆ ಕೇಳಿಸಿಕೊಂಡು, ಮಧ್ಯಾಹ್ನದ ಮೇಲೆ ಚಿಕ್ಕಮ್ಮನನ್ನು ಕರೆತರಲು ಸೆಂಟ್ರಲ್ ಸ್ಟೇಷನ್ನಿಗೆ ಹೊರಟರು.

ಮನೆಯಲ್ಲಿ ನಾನೊಬ್ಬಳೇ. ಜತೆಗೆ ಆ ತುದಿ.

ಚಿಕ್ಕಮ್ಮ ಒಳಗೆ ಕಾಲಿಡುವಾಗ ಪೆಟ್ಟಿಗೆ ಝಗಝಗಿಸಬೇಕು, ಅದನ್ನು ಕಂಡ ಮಗಳು ಕೃತಜ್ಞತೆಯಿಂದ ಕರಗಬೇಕು, ಕರಗಿದ ಬಾಯಿಂದ ಕನ್ನಡ ಹರಿಯಬೇಕು. ಇದು ನನ್ನ ಯೋಜನೆ. ಪ್ರತಿ ವರ್ಷ ದಸರಾ ಗೊಂಬೆಗಳಿಗೆ ಸೀರಿಯಲ್ ಸೆಟ್ ಕಟ್ಟುವವಳಿಗೆ ಇದೇನು ಮಹಾ? ಕಾನ್ವೆಂಟಿನಲ್ಲಿ ಮದರ್ ಸುಪೀರಿಯರನ್ನೇ ಸಂಭಾಳಿಸಿದವಳಿಗೆ ಮದರ್‌ಬೋರ್ಡ್ ಯಾವ ಲೆಕ್ಕ?

ಗಾಜು ತೆಗೆದೆ. ದೀಪದ ವೈರಿಗೆಂದು ಎರಡು ಜಾಗಗಳಿದ್ದವು. ಕನ್ನಡಕ ಏರಿಸಿ ನೋಡಿದರೆ ಒಂದರ ಪಕ್ಕ ಐದು ವೋಲ್ಟ್, ಇನ್ನೊಂದರ ಪಕ್ಕ ಹನ್ನೆರಡು ವೋಲ್ಟ್ ಎಂದಿತ್ತು. ಐದರದ್ದಕ್ಕೆ ಮೂರು ಕಡ್ಡಿ, ಹನ್ನೆರಡರದ್ದಕ್ಕೆ ನಾಲ್ಕು. ನನ್ನ ಕೈಯ ತುದಿಗೆ ಮೂರೇ ತೂತು. ಮೂರಕ್ಕೆ ಮೂರು ಎಂದು ಯಾವ ಮಗುವಾದರೂ ಹೇಳೀತು. ಆದರೆ ನಾನು ಮಗುವಲ್ಲ, ತಾಯಿ.

ಹನ್ನೆರಡು ಇರುವಾಗ ಮಗಳಿಗೆ ಐದು ಬಡಿಸುವುದೆ? ತುಪ್ಪವಾದರೂ ಅಷ್ಟೆ, ವೋಲ್ಟಾದರೂ ಅಷ್ಟೆ. ಕೈ ಬಿಗಿಹಿಡಿದ ತಾಯಿ ಎಂದು ನಾಳೆ ಯಾರೂ ಅನ್ನಬಾರದು. ಹೆಚ್ಚಾಗಿದ್ದ ನಾಲ್ಕನೆಯ ಕಡ್ಡಿಯನ್ನು ಹುಬ್ಬು ತಿದ್ದುವ ಚಿಮಟದಿಂದ ಪಕ್ಕಕ್ಕೆ ಬಗ್ಗಿಸಿದೆ, ತುದಿಯನ್ನು ಒತ್ತಿ ಕೂರಿಸಿದೆ, ಸ್ವಿಚ್ ಹಾಕಿದೆ.

ಆಹಾ, ಏನು ಬೆಳಕು! ಅರಮನೆಯ ದೀಪಾಲಂಕಾರವೇ ನಮ್ಮ ಹಾಲಿಗೆ ಬಂದಂತಾಯಿತು. ಕಣ್ತುಂಬ ನೋಡೋಣವೆಂದು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅರಮನೆಯಲ್ಲಿ ಕರೆಂಟು ಹೋಗಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮಾತ್ರ ಉಳಿಯಿತು. ಬೆಳಿಗ್ಗೆಯ ಬೇಳೆಗೆ ಜೋಡಿ.

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಯಜಮಾನರು, ಚಿಕ್ಕಮ್ಮ, ಗೇಟಿನ ಬಳಿ ಅವರನ್ನು ಕೂಡಿಕೊಂಡಿದ್ದ ನಿಖಿತಾ, ಮೂವರೂ ಒಟ್ಟಿಗೆ. ನಿಖಿತಾ ವಾಸನೆ ಹಿಡಿದು ನೇರ ಪೆಟ್ಟಿಗೆಗೆ ಬಂದಳು. ತುದಿ ನೋಡಿದಳು, ಬಗ್ಗಿದ ಕಡ್ಡಿ ನೋಡಿದಳು, ನನ್ನ ಕೈಯ ಚಿಮಟ ನೋಡಿದಳು. ಬಾಯಿ ತೆರೆದಳು. ಬಂದದ್ದು ತಮಿಳಲ್ಲ.

“ರೀ, ನಿಮ್ಮನ್ನ ಯಾರು ಮುಟ್ಟು ಅಂದೋರು? ದೇವರು ಕಣ್ಣು ಯಾತಕ್ಕೆ ಕೊಟ್ಟಿದ್ದಾನೆ? ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ವಾ? ನಿಮ್ಮ ಮನೆ ಕಡೆಯೋರೆಲ್ಲಾ ಹೀಗೇನಾ?”

ಅದೇ ಏರಿಳಿತ, ಕೊನೆಯಲ್ಲಿ ಅದೇ ಸೊಂಟಕ್ಕೆ ಕೈ.

ಚಿಕ್ಕಮ್ಮ ಕೈಚೀಲ ಕೆಳಗಿಟ್ಟು ಮಗುವಿನ ಕೆನ್ನೆ ಸವರಿ ನೆಟಿಗೆ ಮುರಿದರು. “ಏನು ಸ್ವಚ್ಛ ಕನ್ನಡ ನನ್ನ ಕಂದಂದು. ಇಷ್ಟು ಚೆನ್ನಾಗಿ ಯಾರೇ ಕಲಿಸಿದ್ದು?”

“ಅವರಮ್ಮಾನೇ ಚಿಕ್ಕಮ್ಮ,” ಎಂದರು ಯಜಮಾನರು. “ದಿನಾ ಪಾಠ. ನಾನು ಕರಿಹಲಗೆ.”

ಚಿಕ್ಕಮ್ಮ ತುಸು ಯೋಚಿಸಿ ನನ್ನತ್ತ ತಿರುಗಿದರು. “ಅಲ್ಲ ಕಣೇ ವಿನೋದಾ, ಈ ಮನೆ ಕಡೆಯೋರು, ಮನೆ ಕಡೆಯೋರು ಅಂತಿದ್ದಾಳಲ್ಲ ಮಗು. ಅದು ನಾವಾ?”

ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಜಾರಿದೆ.

ದೇವರು ದೊಡ್ಡವನು, ಮದರ್‌ಬೋರ್ಡು ಉಳಿದಿತ್ತು. ತಾಯಿ ಜಾತಿಯಲ್ಲವೆ, ಏನನ್ನಾದರೂ ತಾಳುತ್ತದೆ. ಫ್ಯಾನುಗಳು ತಿರುಗುತ್ತಿದ್ದವು, ಬೆಳಗುತ್ತಿರಲಿಲ್ಲ ಅಷ್ಟೆ. ಚಿಕ್ಕಮ್ಮ ಇದ್ದಷ್ಟೂ ದಿನ ನಿಖಿತಾ ಅವರೊಂದಿಗೆ ಕನ್ನಡದಲ್ಲೇ ಹರಟಿದಳು. ಬೈಗುಳದಿಂದ ಶುರುವಾದದ್ದು ಪುಳಿಯೋಗರೆಯ ತನಕ ಬಂತು. ಹೊಸ ಫ್ಯಾನು ಬಂದ ದಿನ ಐದು ವೋಲ್ಟಿಗೆ ಅವಳೇ ಸಿಕ್ಕಿಸಿದಳು. ಟಾರ್ಚ್ ಹಿಡಿಯಲು ನನ್ನನ್ನು ಕರೆದಳು. “ಅಮ್ಮಾ, ಸ್ವಲ್ಪ ಈ ಕಡೆ ಹಿಡಿ,” ಅಂದಳು. ನಾನು ಹಿಡಿದದ್ದು ಕಂಪ್ಯೂಟರಿಗಲ್ಲ, ಅವಳ ಮುಖಕ್ಕೆ. ಸುಟ್ಟುಹೋದ ಆ ಮೂರು ಫ್ಯಾನುಗಳಿಗೆ ನಾನು ಬದುಕಿರುವ ತನಕ ಋಣಿ.

ಒಂದೇ ತೊಡಕು. ನನ್ನ ಬಾಯಿಂದ ಬಿದ್ದದ್ದನ್ನೇ ಮಗಳು ಕಲಿಯುವುದಾದರೆ ಒಳ್ಳೆಯ ಮಾತೂ ಬೀಳಬೇಕಲ್ಲ. ಫ್ಯಾನು ಕೆಟ್ಟ ಮಾರನೆಯ ಬೆಳಿಗ್ಗೆ ಯಜಮಾನರು ಕಾಫಿ ತಂದುಕೊಟ್ಟಾಗ, ನಿಖಿತಾಗೆ ಕೇಳಿಸುವ ಹಾಗೆ, ಕಾಫಿ ಬಹಳ ಚೆನ್ನಾಗಿದೆ, ನಿಮ್ಮಂಥವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ರೀ, ಎಂದು ಮೃದುವಾಗಿ ಹೇಳಿದೆ.

ಅವರು ತಮ್ಮ ಲೋಟ ಕೆಳಗಿಟ್ಟರು. ಮೂಗು ಎತ್ತಿ ಗಾಳಿ ಹೀರಿ ನೋಡಿದರು.

“ಇವತ್ತೇನು ಸುಟ್ಟೆ, ವಿನೋದಾ?”