ಮಾವನವರ ಕೆನ್ನೆ

ಫೋಟೋ ತಿದ್ದುವುದು ಏನೂ ಕಷ್ಟದ ಕೆಲಸವಲ್ಲ. ಹಾಗೆಂದು ನಾನು ಹೇಳಿದ್ದು ನಮ್ಮ ಅತ್ತೆ, ನನ್ನ ಹೆಂಡತಿ ಸವಿತಾ ಮತ್ತು ಭಾವಮೈದ ರವಿ, ಈ ಮೂವರ ಮುಂದೆ. ಇಷ್ಟು ಸಾಕ್ಷಿಗಳಿಲ್ಲದಿದ್ದರೆ ಹೇಳೇ ಇಲ್ಲ ಎಂದು ವಾದಿಸಿ ಗೆದ್ದುಬಿಡುತ್ತಿದ್ದೆ. ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿದವನು ನಾನು. ಕಣ್ಣಾರೆ ಕಂಡದ್ದನ್ನೂ ನಂಬಬೇಡ ಎಂದು ಅಲ್ಲಿ ಕಲಿತೆ. ನೆನಪಿರುವುದನ್ನಂತೂ ನಂಬಲೇಬೇಡ ಎಂದು ಈಚೆಗೆ ವಯಸ್ಸು ಕಲಿಸುತ್ತಿದೆ.

ಮಾವನವರು ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ನಮ್ಮಲ್ಲಿ ಹಿರಿಯರ ಹಬ್ಬ ಎನ್ನುತ್ತೇವೆ. ತೀರಿಹೋದವರ ಫೋಟೋ ಇಟ್ಟು, ಹಾರ ಹಾಕಿ, ಮುಂದೆ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಅವರು ಬರುತ್ತಾರೆಯೇ ಎಂಬ ಬಗ್ಗೆ ನನಗೆ ಅನುಮಾನಗಳಿವೆ. ಮಟನ್ ಸಾರಿನ ಬಗ್ಗೆ ಯಾವ ಅನುಮಾನವೂ ಇಲ್ಲ!

ಅತ್ತೆ ಇರುವುದು ಹೆಬ್ಬಾಳದಲ್ಲಿ, ಮಗ ರವಿಯ ಮನೆಯಲ್ಲಿ. ಹಬ್ಬ ಹತ್ತಿರ ಬಂದಂತೆ ಅವನ ಜೊತೆ ವಿಜಯನಗರದ ನಮ್ಮ ಮನೆಗೆ ಬಂದು ಕೂತರು. ಮುಖದಲ್ಲಿ ಗೆಲುವಿರಲಿಲ್ಲ.

"ಮೊದ್ಲನೇ ಎಡೆ ಕಣ್ರೀ ಅಳಿಯಂದ್ರೇ. ಗೋಡೆಗಾಕೋಕೆ ಅವ್ರದ್ದು ಒಂದು ಫೋಟೋ ಇಲ್ಲ. ಬರೀ ಗೋಡೆಗೆ ಬಡಿಸ್ಲಾ?"

"ಆಧಾರ್ ಕಾರ್ಡಿಂದು ಇದೆಯಲ್ಲ ಅತ್ತೆ."

"ಅದ್ರಲ್ಲಿ ಅವ್ರು ಅವ್ರಂಗೇ ಇಲ್ಲ. ಬ್ಯಾಡ."

ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ನಮ್ಮ ಮಾವ. ಅವರು ನೆಟ್ಟಗೆ ನಿಂತು ತೆಗೆಸಿಕೊಂಡ ಫೋಟೋ ಒಂದೇ ಒಂದು. ನಮ್ಮ ಮದುವೆ ಆಲ್ಬಮ್ಮಿನಲ್ಲಿ, ಪೇಟ ಸುತ್ತಿಕೊಂಡ ನನ್ನ ಪಕ್ಕದಲ್ಲಿ.

"ಮಂಡಿ ಮೊಹಲ್ಲಾದಲ್ಲಿ ಒಬ್ರು ಅವ್ರೆ ಭಾವ," ಅಂದ ರವಿ. "ಎಂಥ ಹಳೇ ಫೋಟೋ ಆದ್ರೂ ಹೊಸದು ಮಾಡ್ಕೊಡ್ತಾರೆ. ಕೊಟ್ಬುಡನಾ?"

ಆಗಲೇ ನಾನು ಮೇಲೆ ಹೇಳಿದ ಐತಿಹಾಸಿಕ ವಾಕ್ಯವನ್ನು ಉಚ್ಚರಿಸಿದ್ದು.

ಈ ವಿದ್ಯೆಯ ಬಗ್ಗೆ ನಾನು ಮೊಬೈಲಿನಲ್ಲಿ ಬೇಕಾದಷ್ಟು ವಿಡಿಯೋ ನೋಡಿದ್ದೆ. ಅವುಗಳಲ್ಲಿ ಯಾರೂ ಹೇಳದ ಒಂದು ಸಲಹೆಯನ್ನು ನಾನು ಕೊಡುತ್ತೇನೆ: ಹಳೆಯ ಆಲ್ಬಮ್ಮಿನಿಂದ ಫೋಟೋ ಕೀಳಬೇಡಿ. ಅಷ್ಟು ವರ್ಷ ಮೇಲೆ ಕೂತ ಪ್ಲಾಸ್ಟಿಕ್ ಹಾಳೆ ಫೋಟೋದ ಜೊತೆ ಒಂದೇ ಜೀವವಾಗಿರುತ್ತದೆ. ನಾನು ಎಳೆದೆ. ಪರ್ ಎಂದು ಸದ್ದಾಯಿತು. ನನ್ನ ಮುಖ ಪೂರ್ತಿ ಕಿತ್ತುಹೋಯಿತು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಮಾವನವರ ಮೀಸೆಯಿಂದ ಕೆಳಗೆ, ಬಾಯಿ, ಗದ್ದ, ಎರಡೂ ಕೆನ್ನೆ ಸಮೇತ ಬೆಳ್ಳಗಾಗಿಬಿಟ್ಟಿತ್ತು!

ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಪ್ರತಿ ತೆಗೆದುಕೊಂಡಿದ್ದೆ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮೊಬೈಲಿಗೆ ನೆನಪಿರಲಿಲ್ಲ.

"ರೀ, ಏನದು ಸದ್ದು?" ಅಡುಗೆಮನೆಯಿಂದ ಸವಿತಾ ಕೂಗಿದಳು.

"ಕೆಲಸ ಶುರುವಾಯ್ತು," ಅಂದೆ. ಅದು ಸುಳ್ಳಲ್ಲ.

ಉಳಿದ ಅರ್ಧ ಮುಖವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಕಿತ್ತುಹೋದ ಅರ್ಧ ಎಲ್ಲಿಂದ ತರುವುದು? ಆಧಾರ್ ಫೋಟೋವನ್ನು ದೊಡ್ಡದು ಮಾಡಿದರೆ ಬರೀ ಚೌಕಗಳು ಕಂಡವು. ಆಗ ಹೊಳೆಯಿತು: ರವಿ! ನೋಡಿದವರೆಲ್ಲ ಅಪ್ಪನ ಅಚ್ಚು ಎನ್ನುವ ಹುಡುಗ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನನ್ನು ಬಸ್ ಸ್ಟಾಪಿನಿಂದಲೇ ಹಿಡಿದು ತಂದು ಗೋಡೆಗೆ ನಿಲ್ಲಿಸಿದೆ.

"ಬಾಯಿ ಮುಚ್ಚು. ಆಕಳಿಸಬೇಡ ಕಣೋ."

"ಬಾಯಿ ನನ್ ಮಾತು ಕೇಳ್ತಿಲ್ಲ ಭಾವ. ನನ್ ಫೋಟೋ ಯಾಕೆ ಈಗ?"

"ನಿನ್ನದಲ್ಲ. ನಿನ್ನ ಗದ್ದದ್ದು."

ಅಷ್ಟರಲ್ಲಿ ಅವನು ನಿಂತಲ್ಲೇ ನಿದ್ದೆ ಹೋಗಿದ್ದ.

ಮೂಲ ಚಿತ್ರವನ್ನು ಮುಟ್ಟದೆ, ಒಂದರ ಮೇಲೊಂದು ಪದರ ಹಾಕಿಕೊಂಡು ಕೆಲಸ ಮಾಡಬೇಕು ಎಂಬುದು ತಜ್ಞರ ಸಲಹೆ. ಈ ಪದರಗಳಿಗೆ ಲೇಯರ್ ಎನ್ನುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಲೇಯರುಗಳಿಗೆ ಹೆಸರಿಡಿ ಎಂದೂ ಅವರು ಹೇಳಿದ್ದರು. ನಾನು ನೆನಪಿರುತ್ತದೆ ಬಿಡು ಎಂದುಕೊಂಡೆ! ಒಂದರಲ್ಲಿ ಗದ್ದ, ಒಂದರಲ್ಲಿ ತುಟಿ, ಇನ್ನೊಂದರಲ್ಲಿ ಏನೋ. ಊಟ ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ಮಾವನವರೇ ಇಲ್ಲ. ಮೀಸೆ ಮಾತ್ರ ಇತ್ತು.

ಅಂತೂ ಮುಖ ಕೂಡಿತು. ನುಣುಪು ಮಾಡುವ ಬ್ರಷ್ಷನ್ನು ಹಗುರಾಗಿ ಆಡಿಸಬೇಕು ಎನ್ನುತ್ತಾರೆ. ನಾನು ಗೋಡೆಗೆ ಸುಣ್ಣ ಬಳಿದಂತೆ ಬಳಿದೆ. ಸುಕ್ಕು ಮಾಯ. ಫಳಫಳ ಹೊಳೆಯುವ ಮಾವ! ಹೆಮ್ಮೆಯಿಂದ ಪ್ರಿಂಟು ಹಾಕಿಸಿ, ಸವಿತಾಳ ಜೊತೆ ಹೆಬ್ಬಾಳಕ್ಕೆ ಹೋಗಿ ಅತ್ತೆಯ ಕೈಗಿತ್ತೆ.

ಅತ್ತೆ ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು.

"ಯಾರಿವ್ರು?"

"ಮಾವ!"

"ಎಲೆ ಅಡಿಕೆ ಎಲ್ಲಿ?"

ಮಾವನವರ ಒಂದು ಕೆನ್ನೆ ಹಗಲೆಲ್ಲ ಎಲೆ ಅಡಿಕೆಯಿಂದ ಉಬ್ಬಿರುತ್ತಿತ್ತಂತೆ. ಮದುವೆ ಫೋಟೋದಲ್ಲೂ ಉಬ್ಬಿತ್ತಂತೆ. ಆಧಾರ್ ತೆಗೆಯುವವರು ಉಗುಳಿಸಿ ತೆಗೆದಿದ್ದಕ್ಕೇ ಆ ಫೋಟೋ ಬೇಡವೆಂದದ್ದಂತೆ. ಇಷ್ಟು ವರ್ಷ ಅವರ ಎದುರು ಕೂತು ಕಾಫಿ ಕುಡಿದಿದ್ದೇನೆ. ಉಬ್ಬಿದ ಕೆನ್ನೆ ನೆನಪಿಗೆ ಬರಲಿಲ್ಲ. ಬಂದಿತೋ? ಅವರು ಹೇಳಿದ ಮೇಲೆ ಬಂದದ್ದು ನೆನಪೋ, ಕಲ್ಪನೆಯೋ?

"ಒಂದು ನಿಮಿಷದ ಕೆಲಸ ಅತ್ತೆ, ಉಬ್ಬಿಸಿಬಿಡ್ತೀನಿ. ಯಾವ ಕಡೆ?"

"ಎಡಗಡೆ," ಅಂದಳು ಸವಿತಾ. "ಸೈಕಲ್ ಮುಂದೆ ಕೂರಿಸ್ಕೊಂಡು ಹೋಗ್ತಿದ್ರು. ತಿರುಗಿ ನೋಡಿದ್ರೆ ಈ ಕಡೆ ಉಬ್ಬಿರೋದು." ಅವಳು ತೋರಿಸಿದ್ದು ತನ್ನ ಬಲಗೆನ್ನೆ.

"ಬಲಗಡೆ ಕಣಕ್ಕ," ಅಂದ ರವಿ. "ನಾನು ಸೈಕಲ್ ಹಿಂದೆ ಕೂರ್ತಿದ್ದೆ."

"ಹಿಂದೆ ಕೂತೋನಿಗೆ ಕೆನ್ನೆ ಎಂಗೋ ಕಾಣುತ್ತೆ?"

"ಕೆನ್ನೆ ಕಾಣ್ತಿರ್ಲಿಲ್ಲ. ಆ ಕಡೆಯಿಂದಾನೇ ಉಗುಳೋರು. ನನ್ ಮೇಲೇ ಬೀಳೋದು!"

"ಸುಮ್ನಿರ್ರೋ," ಅಂದರು ಅತ್ತೆ. "ದಿನಾ ಎದುರುಗಡೆ ಕೂತು ಮಡಿಸ್ಕೊಡ್ತಿದ್ದೋಳು ನಾನು. ನನ್ ಕೈ ಇಂಗೆ ಹೋಗೋದು..." ಇಲ್ಲದ ವೀಳ್ಯದೆಲೆಯನ್ನು ಮಡಿಸಿ, ಇಲ್ಲದ ಬಾಯಿಗೆ ಕೈ ಚಾಚಿದರು. ಕೈ ಗಾಳಿಯಲ್ಲೇ ನಿಂತುಬಿಟ್ಟಿತು. "ಅಯ್ಯೋ," ಅಂದರು ಮೆಲ್ಲಗೆ. "ಯಾವ ಕಡೆ?"

ರವಿಯೂ ನಗಲಿಲ್ಲ. ಒಂದು ಫೋಟೋ ಹರಿದದ್ದಲ್ಲದೆ ಆ ಹೆಂಗಸಿನ ನೆನಪಿನಲ್ಲೂ ನನ್ನ ಬೆರಳು ಆಡಿಸಿದ್ದೆ. ಅದಕ್ಕೆ ಯಾವ ತಂತ್ರಾಂಶದಲ್ಲೂ, ಮಾಡಿದ್ದನ್ನು ರದ್ದು ಮಾಡುವ ಅಂಡೂ ಗುಂಡಿ ಇಲ್ಲ.

ಮನೆಗೆ ಬಂದು ಎಡಗೆನ್ನೆ ಉಬ್ಬಿಸಿದೆ. ಹಲ್ಲುನೋವಿನವರಂತೆ ಕಂಡರು. ಅನುಮಾನ ಬಂದು ಚಿತ್ರವನ್ನೇ ಎಡಬಲ ತಿರುಗಿಸಿದೆ. ಅಂಗಿಯ ಜೇಬು ಬಲಕ್ಕೆ ಹೋಯಿತು. ಜೇಬನ್ನು ಎಡಕ್ಕೆ ತಂದೆ. ಈಗ ಉಬ್ಬಿರುವುದು ಅವರ ಬಲವೋ, ನನ್ನ ಬಲವೋ, ಕನ್ನಡಿಯ ಬಲವೋ? ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆಯನ್ನೇ ಉಬ್ಬಿಸಿ ನೋಡಿಕೊಂಡೆ. ಹಿಂದೆ ಬಂದು ನಿಂತ ಸವಿತಾ, "ಡಾಕ್ಟ್ರತ್ರ ಹೋಗೋಣ್ವಾ?" ಅಂದಳು. ವಿಜ್ಞಾನದ ಹಿತದೃಷ್ಟಿಯಿಂದ ಎರಡೂ ಕೆನ್ನೆ ಉಬ್ಬಿಸಿದ್ದೂ ಆಯಿತು. ಮಾವನವರು ನಾದಸ್ವರ ಊದತೊಡಗಿದರು.

ಹಬ್ಬದ ದಿನ ನಾಲ್ಕು ಬಗೆಯ ಮಾವಂದಿರನ್ನೂ ಚೌಕಟ್ಟು ಹಾಕಿಸಿಕೊಂಡು ಹೋದೆ. ಎಡ ಉಬ್ಬು, ಬಲ ಉಬ್ಬು, ಜೋಡಿ ಉಬ್ಬು, ಮೊದಲಿನ ನುಣುಪು. ಪೊಲೀಸರು ಗುರುತು ಹಿಡಿಸಲು ನಿಲ್ಲಿಸಿದಂತೆ ಸಾಲಾಗಿ ಗೋಡೆಗೆ ಒರಗಿಸಿದೆ. ಬಾಳೆಲೆ ಹಾಸಿಯಾಗಿತ್ತು. ಮುದ್ದೆಯ ಹಬೆ ಏಳುತ್ತಿತ್ತು.

"ಬ್ಯಾಗ ಆರಿಸವ್ವ, ಸಾರು ಆರೋಯ್ತದೆ," ಅಂದ ರವಿ.

ಅತ್ತೆ ನಾಲ್ಕನ್ನೂ ನೋಡಿದರು. ಉಬ್ಬಿದ ಮೂವರನ್ನೂ ಮಗುಚಿ ಹಾಕಿದರು. ನುಣುಪು ಕೆನ್ನೆಯವರನ್ನು ಎತ್ತಿ ಮಣೆಯ ಮೇಲಿಟ್ಟು, ಹಾರ ಹಾಕಿ, ಎಡೆಯ ಪಕ್ಕ ಕೂತು ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದರು.

"ನಾನು ಕೊಡೋದು ಕೊಡ್ತೀನಿ," ಅಂದರು ಫೋಟೋಗೆ. "ಯಾವ ಕಡೆ ಬೇಕೋ ನೀವೇ ಆಕ್ಕೊಳ್ಳಿ."

ಬಾಗಿಲು ಮುಚ್ಚಿ ಹೊರಗೆ ನಿಂತೆವು. ಅತ್ತೆಯ ಮುಖ ಹಗುರಾಗಿತ್ತು. ನಾನೂ ಬುದ್ಧಿವಂತನಂತೆ ತಲೆಯಾಡಿಸಿದೆ. ಇದೆಲ್ಲ ನನ್ನದೇ ಯೋಜನೆ ಎನ್ನುವ ಹಾಗೆ.

ಮುಂದಿನ ವಾರ ಅತ್ತೆ ಸವಿತಾಳನ್ನು ಕರೆದುಕೊಂಡು ಆಟೋ ಹತ್ತಿ ಸ್ಟುಡಿಯೋಗೆ ಹೋದರು. ರೇಷ್ಮೆ ಸೀರೆ ಉಟ್ಟು ತಮ್ಮದೇ ಒಂದು ದೊಡ್ಡ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಈಗ್ಲೇ ಯಾಕತ್ತೆ? ಗಟ್ಟಿಮುಟ್ಟಾಗಿದ್ದೀರಿ."

"ನಾನ್ ಓಗ್ಬುಟ್ಮೇಲೆ ನೀವು ಆಲ್ಬಮ್ ಕಿತ್ಕೊಂಡು ಕೂರಬಾರ್ದಲ್ಲ!"

ಬೀಗ ಹಾಕುವ ಮುನ್ನ ಒಮ್ಮೆ ತೋರಿಸಿದರು, ಎರಡು ಮಾರು ದೂರದಿಂದ. ಅದರಲ್ಲಿ ಅವರ ಒಂದು ಕಣ್ಣು ಅರ್ಧ ಮುಚ್ಚಿದೆ. ಬಲಗಣ್ಣೋ ಎಡಗಣ್ಣೋ, ಈಗ ನೆನಪಿಲ್ಲ.

"ಎಂಗಿದೆ?" ಅಂದರು.

"ತುಂಬಾ ಚೆನ್ನಾಗಿದೆ," ಅಂದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.